ನಗೆಕಥೆಗೆ ನಡುವಲ್ಲಿ ಕತ್ತಲು ಕವಿಯದಂತೆ

ಹಾಸ್ಯಕಥೆ ಕಪ್ಪಾಗುವುದು ಮೊದಲ ಪುಟದಲ್ಲಲ್ಲ. 2,000 ಪದಗಳ ಕಥೆಯಾದರೆ 800ರಿಂದ 1,000ನೇ ಪದದ ಆಸುಪಾಸಿನಲ್ಲಿ. ಮೊದಲ ಫಜೀತಿ ಮುಗಿದಿರುತ್ತದೆ, ಎರಡನೆಯದು ಇನ್ನೂ ಹೊಳೆದಿರುವುದಿಲ್ಲ. ಆಗ ಕಥೆಗೆ ತೂಕ ಬರಲಿ ಎಂದು ಪಾತ್ರದ ಹೆಗಲಿಗೆ ಒಂದು ಸಾಲವನ್ನೋ ಕಾಯಿಲೆಯನ್ನೋ ಸಾವನ್ನೋ ಏರಿಸಿಬಿಡುತ್ತೇವೆ.

ಒಂದು ಉದಾಹರಣೆ ಹಿಡಿದೇ ನೋಡೋಣ. ನಿವೃತ್ತ ಹೆಡ್ ಕ್ಲಾರ್ಕ್ ರಾಯರು ಪಕ್ಕದ ಮನೆಗೆ 5 ಲೀಟರಿನ ಕುಕ್ಕರ್ ಕೊಟ್ಟಿದ್ದಾರೆ. ಮೂರು ವಾರವಾದರೂ ವಾಪಸು ಬಂದಿಲ್ಲ, ಕೇಳಲು ಸಂಕೋಚ. ದಿನಾ ಬೆಳಗ್ಗೆ ಗೋಡೆಯಾಚೆಯಿಂದ ತಮ್ಮದೇ ಕುಕ್ಕರ್ ಕೂಗುವುದು ಕೇಳಿಸುತ್ತದೆ. ಇಷ್ಟರವರೆಗೆ ಕಥೆ ಗಟ್ಟಿಯಾಗಿದೆ. ಈಗ ಬರೆಯುವವರು ‘ಅದು ತೀರಿಕೊಂಡ ಹೆಂಡತಿಯ ಕುಕ್ಕರ್’ ಎಂದು ಒಂದೇ ಸಾಲು ಸೇರಿಸಿದರೆ, ಅಲ್ಲಿಂದ ಮುಂದಿನ ಪ್ರತಿ ಕೂಗೂ ದುಃಖದ ಕೂಗೇ. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ಹಾಸ್ಯರಸಕ್ಕೆ ಸ್ಥಾಯಿಭಾವ, ಅಂದರೆ ಬುಡದಲ್ಲಿ ನೆಲೆನಿಂತ ಭಾವ, ಹಾಸ ಎಂದರೆ ನಗು; ಕರುಣರಸಕ್ಕೆ ಶೋಕ. ಸಣ್ಣ ಕಥೆಯಲ್ಲಿ ಎರಡನ್ನೂ ಪಕ್ಕಪಕ್ಕ ಕೂರಿಸಿದರೆ ಗೆಲ್ಲುವುದು ಶೋಕವೇ. ಕುಕ್ಕರ್ ಮರಳಿ ಬಂದೀತು, ಸತ್ತವರು ಬರಲಾರರು. ಅರಿಸ್ಟಾಟಲ್ ಕೂಡ ನಗೆಗೆ ಕಾರಣವಾಗುವ ದೋಷ ನೋವನ್ನಾಗಲಿ ನಾಶವನ್ನಾಗಲಿ ತರುವಂಥದ್ದಲ್ಲ ಎಂದಿದ್ದ.

ಹಾಗಾಗಿ ಬರೆಯಲು ಕೂರುವ ಮೊದಲೇ, ಈ ಕಥೆಯಲ್ಲಿ ಪಾತ್ರ ಕಳೆದುಕೊಳ್ಳುವುದೇನು ಎಂದು ಒಂದು ಸಾಲಿನಲ್ಲಿ ಬರೆದು ಮೇಜಿನ ಮೇಲಿಡಿ. ಅದು ಕಥೆ ಮುಗಿದ ವಾರದೊಳಗೆ ಸರಿಹೋಗುವಂಥದ್ದಾಗಿರಬೇಕು: ಒಂದು ಪಾತ್ರೆ, ಅರ್ಧ ದಿನದ ರಜೆ, ಮದುವೆಮನೆಯ ಮೊದಲ ಪಂಕ್ತಿಯ ಊಟ. ನಡುವೆ ಕಥೆ ಜೋಲುಬಿದ್ದರೆ ಈ ಸಾಲನ್ನು ಮುಟ್ಟಬೇಡಿ. ನಷ್ಟ ಅಷ್ಟೇ ಇರಲಿ, ಗೋಜಲು ಬೆಳೆಯಲಿ.

ಗೋಜಲು ಬೆಳೆಸುವುದು ಹೀಗೆ. ರಾಯರು ಸಕ್ಕರೆ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗುತ್ತಾರೆ, ಬರುವಾಗ ಇಡ್ಲಿ ಸ್ಟ್ಯಾಂಡನ್ನೂ ಕೊಡುವುದಾಗಿ ಒಪ್ಪಿ ಬರುತ್ತಾರೆ. ಎರಡನೆಯ ಸಲ ಆ ಮನೆಯಾಕೆ, “ಗ್ಯಾಸ್ಕೆಟ್ ಹೋಗಿದೆ ರಾಯರೇ, ಯಾವ ಅಂಗಡಿಯಲ್ಲಿ ಸಿಗುತ್ತೆ?” ಎನ್ನುತ್ತಾರೆ. ರಾಯರು ತಾವೇ ಹೋಗಿ ತಂದುಕೊಡುತ್ತಾರೆ. ಮೂರನೆಯ ಸಲ ಅದೇ ಕುಕ್ಕರಿನಲ್ಲಿ ಬೇಯಿಸಿದ ಬಿಸಿಬೇಳೆಬಾತಿಗೆ ಕರೆ ಬರುತ್ತದೆ. ಉಂಡ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟ. ತಿರುವಿಗೆ 350 ಪದದಂತೆ ಕೊಟ್ಟರೂ ಸಾವಿರ ಪದ ತುಂಬಿತು, ಹೋದದ್ದು ಮಾತ್ರ ಅಡುಗೆಮನೆಯ ಸಾಮಾನು. ಇಲ್ಲಿ ಒಂದನ್ನು ಗಮನಿಸಬೇಕು: ಪ್ರತಿ ತಿರುವೂ ರಾಯರ ಸ್ವಂತ ಜಾಣತನದಿಂದಲೇ ಹುಟ್ಟಿದೆ. ಅದನ್ನು ಬಿಟ್ಟು ಪಕ್ಕದವರು ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದು ಮಾಡಿದರೆ ಓದುಗರಿಗೆ ನಗು ಬಾರದು, ಸಿಟ್ಟು ಬರುತ್ತದೆ. ಅವಮಾನವೂ ಹಾಗೆಯೇ. ಒಂದೇ ಪಾತ್ರ ಎರಡು ಸಲ ಸೋತ ಮೇಲೆ ಒಂದು ಚಿಕ್ಕ ಗೆಲುವನ್ನು ಕೊಡಿ. ಬಾತಿಗೆ ಉಪ್ಪು ಕಮ್ಮಿ ಎಂದು ರಾಯರು ಹೇಳಿದ್ದು ಸರಿಯಾಗಿಬಿಟ್ಟರೂ ಸಾಕು.

ಪಾತ್ರದ ಮನಸ್ಸಿನೊಳಗೆ ಹೆಚ್ಚು ಹೊತ್ತು ನಿಲ್ಲಬಾರದು. ಒಂದು ಸಲಕ್ಕೆ ಎರಡು ವಾಕ್ಯ ಸಾಕು. ‘ಅವರಿಗೆ ತುಂಬಾ ಅವಮಾನವಾಯಿತು’ ಎಂದು ಬರೆದರೆ ಓದುಗರು ಆ ನೋವಿನ ಒಳಗಿರುತ್ತಾರೆ. ‘ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದರು’ ಎಂದರೆ ಹೊರಗೆ ನಿಂತು ನೋಡುತ್ತಾರೆ, ನಗು ಬರುವುದು ಅಲ್ಲಿಂದ. ಯಾರಾದರೂ ಜಾರಿಬಿದ್ದರೆ ಮುಂದಿನ ವಾಕ್ಯದಲ್ಲೇ ಎದ್ದು ಮಾತಾಡಲಿ. ರಕ್ತ, ಹೊಲಿಗೆ, ಎಕ್ಸ್‌ರೇ ಬಂದರೆ ಕಥೆ ಆಸ್ಪತ್ರೆ ಸೇರಿತು.

ಹಾಗೆಂದು ಕಷ್ಟವನ್ನೇ ತರಬಾರದು ಎಂದಲ್ಲ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ನಗೆ ಮಾಸಪತ್ರಿಕೆ ‘ಕೊರವಂಜಿ’ಯನ್ನು ಶುರುಮಾಡಿದ್ದು 1942ರಲ್ಲಿ, ಮಹಾಯುದ್ಧದ ನಡುವೆ. ಕಷ್ಟ ಇಡೀ ಬೀದಿಯದ್ದಾಗಿದ್ದರೆ ಕಥೆಗೆ ಹಿನ್ನೆಲೆಯಾಗಿ ನಿಲ್ಲುತ್ತದೆ. ಅದೇ ಒಬ್ಬರ ತಲೆಯ ಮೇಲೆ ಬಿದ್ದರೆ ಕಥೆ ಅವರ ಗೋಳಾಗುತ್ತದೆ. ನಲ್ಲಿಯಲ್ಲಿ ನೀರಿಲ್ಲದೆ ಎಲ್ಲರೂ ಬಿಂದಿಗೆ ಹಿಡಿದು ನಿಂತಿರಲಿ, ತೊಂದರೆಯಿಲ್ಲ.

ತಿದ್ದುವಾಗ ಮೌನ, ನಿಟ್ಟುಸಿರು, ಒಂಟಿ, ಖಾಲಿ, ಶೂನ್ಯ ಎಂಬ ಪದಗಳನ್ನು ಹುಡುಕಿ. 500 ಪದಗಳಲ್ಲಿ ಇವು ಎರಡಕ್ಕಿಂತ ಹೆಚ್ಚು ಸಿಕ್ಕರೆ ಬರೀ ಪದ ಬದಲಿಸಿ ಪ್ರಯೋಜನವಿಲ್ಲ, ಎರಡು ಪ್ಯಾರಾ ಹಿಂದಕ್ಕೆ ಹೋಗಬೇಕು. ತಪ್ಪು ನಡೆದಿರುವುದು ಅಲ್ಲಿ. ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುವಾಗಲೂ ಅಷ್ಟೇ: ಅವರ ಮುಖದ ನಗು ಮಾಸಿದ ಜಾಗಕ್ಕಿಂತ ಸ್ವಲ್ಪ ಹಿಂದೆಯೇ ಪೆನ್ಸಿಲ್ ಗುರುತು ಹಾಕಿ. ಕೊನೆಯ 150 ಪದಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಥೆ ಹಗುರವಾಯಿತೇನೋ ಎಂಬ ಅಳುಕಿನಿಂದ ಬದುಕಿನ ಬಗ್ಗೆ ಒಂದು ಗಂಭೀರ ಪ್ಯಾರಾ ಸೇರಿಸುವ ಆಸೆ ಬರುವುದೇ ಆಗ. ಅದನ್ನು ಹೊಡೆದುಹಾಕಿ, ಕೊನೆಯ ಮಾತು ಅಥವಾ ಕೊನೆಯ ಕೆಲಸಕ್ಕೇ ನಿಲ್ಲಿಸಿ.

ಇಷ್ಟಾದರೂ ಆ ದುಃಖದ ಸಾಲು ಬಿಡದೆ ಕಾಡಬಹುದು. ಅದನ್ನು ಹರಿದೆಸೆಯಬೇಡಿ, ಬೇರೆ ಹಾಳೆಗೆ ಎತ್ತಿಡಿ. ಅದು ಇನ್ನೊಂದು ಕಥೆ, ಅದಕ್ಕೂ ಅದರದೇ ಜಾಗ ಬೇಕು. ಕುಕ್ಕರಿನ ಕಥೆಯಲ್ಲಿ ರಾಯರ ಹೆಂಡತಿ ಜೀವಂತವಾಗಿರಲಿ, ಮಗಳ ಮನೆಗೆ ಹೋಗಿರಲಿ. ಸೋಮವಾರ ಬೆಳಗಿನ ರೈಲಿಗೆ ಬರುತ್ತಾರೆ, ಬಂದವರು ಮೊದಲು ಅಡುಗೆಮನೆಗೇ ಹೋಗುತ್ತಾರೆ.