ಸ್ಟೀಮ್ ಡೆಕ್‌ನ ಬ್ಯಾಟರಿ ಹೆಚ್ಚು ಹೊತ್ತು ಬಾಳಬೇಕೇ? ಕಾರ್ಯಾಚರಣಾ ವ್ಯವಸ್ಥೆಯನ್ನು ಹೀಗೆ ಹೊಂದಿಸಿ

1989ರಲ್ಲಿ ನಿಂಟೆಂಡೊ ಹೊರತಂದ ಗೇಮ್ ಬಾಯ್‌ನಲ್ಲಿ ಕಾರ್ಯಾಚರಣಾ ವ್ಯವಸ್ಥೆ ಎಂಬುದೇ ಇರಲಿಲ್ಲ. ಒಳಗಿದ್ದ 256 ಬೈಟ್‌ಗಳ ಪುಟ್ಟ ಪ್ರೋಗ್ರಾಮ್ ಕಾರ್ಟ್ರಿಜ್‌ನಲ್ಲಿ ಕಂಪನಿಯ ಲಾಂಛನ ಸರಿಯಾಗಿದೆಯೇ ಎಂದು ನೋಡಿ, ಇಡೀ ಯಂತ್ರವನ್ನು ಆಟದ ವಶಕ್ಕೆ ಒಪ್ಪಿಸಿಬಿಡುತ್ತಿತ್ತು. ಇಂದಿನ ಕೈಹಿಡಿ ಕನ್ಸೋಲ್‌ಗಳಲ್ಲಿ ಯಾವ ಆಟಕ್ಕೂ ಅಷ್ಟು ಸ್ವಾತಂತ್ರ್ಯವಿಲ್ಲ. ವಾಲ್ವ್ ಕಂಪನಿ 2022ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ತಂದ ಸ್ಟೀಮ್ ಡೆಕ್‌ನಲ್ಲಿರುವುದು ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಒಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಚಿಪ್ ಎಷ್ಟು ವಿದ್ಯುತ್ ಬಳಸಬಹುದು, ಪರದೆ ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬೇಕು ಎಂಬುದೆಲ್ಲ ಅದರ ಹಿಡಿತದಲ್ಲಿದೆ. ಚಾರ್ಜ್ ಬೇಗ ಮುಗಿಯುತ್ತದೆ ಎಂದು ದೂರುವವರು ಪವರ್‌ಬ್ಯಾಂಕ್ ಕೊಳ್ಳುವ ಮೊದಲು ಗಮನಿಸಬೇಕಾದದ್ದು ಇದನ್ನೇ.

ಎಲ್‌ಸಿಡಿ ಪರದೆಯ ಮಾದರಿಯಲ್ಲಿರುವುದು 40 ವಾಟ್-ಅವರ್ ಬ್ಯಾಟರಿ. ಇಡೀ ಯಂತ್ರ 20 ವಾಟ್ ಎಳೆದರೆ ಅದು 2 ಗಂಟೆಯಲ್ಲಿ ಬರಿದಾಗುತ್ತದೆ. 10 ವಾಟ್‌ಗೆ ಇಳಿಸಿದರೆ 4 ಗಂಟೆ ಸಿಗುತ್ತದೆ. ಮುಖ್ಯ ಚಿಪ್ ಒಂದೇ 15 ವಾಟ್‌ವರೆಗೆ ಬಳಸಬಲ್ಲದು. ಪರದೆ, ವೈ-ಫೈ, ಫ್ಯಾನ್‌ಗಳ ಖರ್ಚು ಬೇರೆ.

ಮೊದಲಿಗೆ, ಆಟ ನಡೆಯುತ್ತಿರುವಾಗಲೇ ಬಲಗಡೆಯ ಟ್ರ್ಯಾಕ್‌ಪ್ಯಾಡ್‌ನ ಕೆಳಗಿರುವ ಮೂರು ಚುಕ್ಕೆಗಳ ಗುಂಡಿಯನ್ನು ಒತ್ತಿ, ಬ್ಯಾಟರಿ ಚಿಹ್ನೆಯಿರುವ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ. ಅಲ್ಲಿ ಪ್ರತಿ ಆಟಕ್ಕೂ ಪ್ರತ್ಯೇಕ ಪ್ರೊಫೈಲ್ ಇಡುವ ಆಯ್ಕೆಯನ್ನು ಆನ್ ಮಾಡಿ. ಇದನ್ನು ಮರೆತರೆ ಒಂದು ಆಟಕ್ಕೆಂದು ಮಾಡಿದ ಹೊಂದಾಣಿಕೆ ಉಳಿದೆಲ್ಲ ಆಟಗಳಿಗೂ ಅನ್ವಯವಾಗುತ್ತದೆ. ಜೊತೆಗೆ, ಪರದೆಯ ಮೇಲೆ ಅಂಕಿಅಂಶ ತೋರಿಸುವ ಓವರ್‌ಲೇಯನ್ನೂ ಚಾಲೂ ಮಾಡಿಕೊಳ್ಳಿ.

ಎರಡನೆಯದು ಫ್ರೇಮ್ ಮಿತಿ, ಅಂದರೆ ಆಟ ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಮೂಡಿಸಬಹುದು ಎಂಬ ಮಿತಿ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಉಳಿತಾಯ ಆಗುವುದು ಇಲ್ಲಿಯೇ. ಸೆಕೆಂಡಿಗೆ 60 ಫ್ರೇಮ್‌ಗಳಾದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 30 ಆದರೆ 33.3. ಇವೆರಡರ ನಟ್ಟನಡುವೆ, ಅಂದರೆ 25 ಮಿಲಿಸೆಕೆಂಡ್‌ಗೆ ಬರುವುದು 45 ಅಲ್ಲ, 40. ಹಾಗಾಗಿ 30ರಿಂದ ಕೇವಲ ಹತ್ತು ಫ್ರೇಮ್ ಹೆಚ್ಚಿಸಿದರೂ ಆಟ ಎದ್ದುಕಾಣುವಷ್ಟು ನಯವಾಗುತ್ತದೆ, 60ಕ್ಕೆ ಬೇಕಾದಷ್ಟು ವಿದ್ಯುತ್ತೂ ಖರ್ಚಾಗುವುದಿಲ್ಲ. ಆದರೆ ಪರದೆ 60 ಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ 60 ಬಾರಿ ಬದಲಾಗುತ್ತಲೇ ಉಳಿದರೆ 40 ಫ್ರೇಮ್‌ಗಳು ಅದಕ್ಕೆ ಸಮವಾಗಿ ಹೊಂದುವುದಿಲ್ಲ. ಕೆಲವು ಫ್ರೇಮ್‌ಗಳು ಒಂದು ಸರದಿ, ಕೆಲವು ಎರಡು ಸರದಿ ನಿಂತು ಚಲನೆ ಕುಲುಕಿದಂತೆ ಕಾಣುತ್ತದೆ. ಆದ್ದರಿಂದ ಪರದೆಯ ವೇಗವೂ 40ಕ್ಕೆ ಇಳಿಯಬೇಕು. ಈ ಹೊಂದಾಣಿಕೆಯ ಹೊಣೆ ಸ್ಟೀಮ್‌ಒಎಸ್‌ನೊಳಗಿನ ಗೇಮ್‌ಸ್ಕೋಪ್ ಎಂಬ ಭಾಗದ್ದು; ಈಚಿನ ಆವೃತ್ತಿಗಳಲ್ಲಿ ಒಂದೇ ಸ್ಲೈಡರ್ ಎಳೆದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. 2023ರ ನವೆಂಬರ್‌ನಲ್ಲಿ ಬಂದ ಒಎಲ್‌ಇಡಿ ಮಾದರಿಯ ಪರದೆ 90 ಹರ್ಟ್ಸ್‌ವರೆಗೆ ಹೋಗುವುದರಿಂದ ಅದರಲ್ಲಿ 45ರ ಮಿತಿಯೂ ಸಲೀಸಾಗಿ ಕೂರುತ್ತದೆ. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಿಗೆ 60 ಬೇಕೆನ್ನುವುದನ್ನು ಒಪ್ಪಬಹುದು. ಸರದಿಯಂತೆ ನಡೆ ಇಡುವ ಆಟಕ್ಕೂ 60 ಇಟ್ಟುಕೊಳ್ಳುವುದು ಬರೀ ದುಂದು.

ಇದಾದ ಮೇಲಷ್ಟೇ ಟಿಡಿಪಿ ಮಿತಿಗೆ, ಅಂದರೆ ಚಿಪ್‌ನ ವಿದ್ಯುತ್ ಮಿತಿಗೆ ಕೈಹಾಕಿ. 15ರಿಂದ ಶುರುಮಾಡಿ ಒಂದೊಂದೇ ವಾಟ್ ಇಳಿಸುತ್ತ, ಓವರ್‌ಲೇಯಲ್ಲಿ ಫ್ರೇಮ್ ಸಂಖ್ಯೆ ಕುಸಿಯತೊಡಗಿದಲ್ಲಿ ನಿಲ್ಲಿಸಿ, ಒಂದು ವಾಟ್ ಮೇಲೇರಿಸಿ. ಈ ಪರೀಕ್ಷೆಯನ್ನು ಖಾಲಿ ಕೋಣೆಯಲ್ಲಿ ನಿಂತು ಮಾಡಬೇಡಿ; ಶತ್ರುಗಳು ಮುತ್ತಿಕೊಂಡಿರುವ, ಹೊಗೆ-ಬೆಂಕಿ ತುಂಬಿರುವ ದೃಶ್ಯದಲ್ಲಿ ಮಾಡಿ.

ವಿಂಡೋಸ್‌ಗೆಂದು ಬರೆದ ಆಟಗಳು ಇಲ್ಲಿ ಓಡುವುದು ಪ್ರೋಟಾನ್ ಮೂಲಕ. 2018ರಲ್ಲಿ ಬಂದ ಈ ತಂತ್ರಾಂಶ ವಿಂಡೋಸ್‌ಗೆ ಕಳುಹಿಸುವ ಕೋರಿಕೆಗಳನ್ನು ಲಿನಕ್ಸ್‌ಗೂ, ಚಿತ್ರ ಮೂಡಿಸಲು ವಿಂಡೋಸ್‌ನಲ್ಲಿ ಬಳಸುವ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ಅದೇ ಕೆಲಸ ಮಾಡುವ ವಲ್ಕನ್‌ಗೂ ಮಾರ್ಪಡಿಸುತ್ತದೆ. ಆಟ ತೆರೆಯದಿದ್ದರೆ ಅದರ ‘ಪ್ರಾಪರ್ಟೀಸ್’ನಲ್ಲಿ ‘ಕಂಪ್ಯಾಟಿಬಿಲಿಟಿ’ ತೆರೆದು ಪ್ರೋಟಾನ್‌ನ ಬೇರೆ ಆವೃತ್ತಿಯನ್ನು ಆರಿಸಿ ನೋಡಿ. ಆದರೆ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಕೂತು ಮೋಸದಾಟವನ್ನು ಪತ್ತೆಹಚ್ಚುವ ರಕ್ಷಣಾ ತಂತ್ರಾಂಶವನ್ನು ಕಡ್ಡಾಯ ಮಾಡಿರುವ ಆನ್‌ಲೈನ್ ಆಟಗಳಿಗೆ ಈ ಉಪಾಯ ನಡೆಯದು.

ಆಟದ ನಡುವೆ ಏಳಬೇಕಾದರೆ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು. ಆಟದ ಸ್ಥಿತಿ ರ‍್ಯಾಮ್‌ನಲ್ಲೇ ಉಳಿದು, ಮತ್ತೆ ಒತ್ತಿದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆನ್‌ಲೈನ್ ಆಟದ ಸಂಪರ್ಕ ಮಾತ್ರ ಕಡಿದುಹೋಗುತ್ತದೆ. ರ‍್ಯಾಮ್ ಜೀವಂತವಾಗಿರಲು ಅಷ್ಟಿಷ್ಟು ವಿದ್ಯುತ್ ಬೇಕೇ ಬೇಕು. ಹಲವು ದಿನ ಮುಟ್ಟುವುದಿಲ್ಲವೆಂದಾದರೆ ಗುಂಡಿಯನ್ನು ಒತ್ತಿಹಿಡಿದು ‘ಶಟ್ ಡೌನ್’ ಆರಿಸಿಕೊಳ್ಳಿ.

ಯಂತ್ರವನ್ನು ಸಾಮಾನ್ಯ ಕಂಪ್ಯೂಟರ್‌ನಂತೆ ಬಳಸುವ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಒಳಗಿನದನ್ನೂ ತಿದ್ದುವ ಉತ್ಸಾಹವಿರುವವರಿಗೆ ಒಂದು ಎಚ್ಚರಿಕೆ. ಸ್ಟೀಮ್‌ಒಎಸ್‌ನ ಮೂಲ ಕಡತಗಳನ್ನು ಓದಲು ಮಾತ್ರ ಅವಕಾಶವಿರುತ್ತದೆ. ಆ ಬೀಗ ತೆರೆದು ಹಾಕಿಕೊಂಡ ಪ್ಯಾಕೇಜ್‌ಗಳು ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತವೆ. ‘ಡಿಸ್ಕವರ್’ ಎಂಬ ತಂತ್ರಾಂಶ ಮಳಿಗೆಯಿಂದ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ, ಅಂದರೆ ಮೂಲ ಕಡತಗಳಿಂದ ಬೇರೆಯಾಗಿ ಕೂರುವ ಕಟ್ಟಾಗಿ ಪಡೆದ ತಂತ್ರಾಂಶಗಳಿಗೆ ಈ ಗತಿಯಿಲ್ಲ.