ಬಳ್ಳಾರಿಯ ತರಗತಿಗೊಂದು ಜೇಬುಗಳ ಪದಗೋಡೆ

ನಮ್ಮ ಪ್ರಾಥಮಿಕ ಶಾಲೆಗಳ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಸಿದ ಪದಗಳಿಗೆ ಕೊರತೆಯಿಲ್ಲ. ಆದರೆ ಜೂನ್ ತಿಂಗಳಲ್ಲಿ ಅವುಗಳನ್ನು ಬೆರಳಿಟ್ಟು ಓದಿದ ಮಗು ದಸರಾ ರಜೆಯ ಹೊತ್ತಿಗೆ ಅತ್ತ ತಿರುಗಿಯೂ ನೋಡುವುದಿಲ್ಲ, ಏಕೆಂದರೆ ಓದಿ ಮುಗಿದ ಮೇಲೆ ಆ ಪದಗಳಿಂದ ಅದಕ್ಕೆ ಬೇರೆ ಕೆಲಸವಿಲ್ಲ. ಗೋಡೆಯ ಪದ ಮಗುವಿನ ಕೈಗೆ ಬರಬೇಕು, ಜಾಗ ಬದಲಿಸಬೇಕು, ಕಲಿತಾದ ಮೇಲೆ ಗೋಡೆ ಬಿಟ್ಟು ಹೋಗಬೇಕು. ನಾಲ್ಕರಿಂದ ಏಳನೆಯ ತರಗತಿಯವರೆಗೆ ಹೊಂದುವ ಅಂಥದೊಂದು ಪದಗೋಡೆಯನ್ನು ಹೆಚ್ಚು ಖರ್ಚಿಲ್ಲದೆ ಮಾಡುವ ಬಗೆ ಇಲ್ಲಿದೆ.

ತಟ್ಟು ಮತ್ತು ಜೇಬು

ಸುಣ್ಣ ಬಳಿದ ಗೋಡೆಗೆ ಅಂಟುಪಟ್ಟಿಯಿಂದ ಕಾಗದ ಅಂಟಿಸುವ ಪ್ರಯತ್ನವನ್ನು ಮೊದಲೇ ಕೈಬಿಡುವುದು ಒಳ್ಳೆಯದು. ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಅಂಟು ಸಡಿಲವಾಗಿ, ಕಾಗದದ ಜೊತೆಗೆ ಸುಣ್ಣದ ಹೊಪ್ಪಳೆಯೂ ಕಳಚಿ ಬರುತ್ತದೆ. ಅದರ ಬದಲು ಭತ್ತ ತುಂಬುವ ಸೆಣಬಿನ ಚೀಲಗಳನ್ನು ತರಿಸಿಕೊಳ್ಳಿ. ಸಿರುಗುಪ್ಪ, ಕಂಪ್ಲಿ ಕಡೆಯ ಶಾಲೆಗಳಿಗೆ ಇದು ಕಷ್ಟದ ಮಾತಲ್ಲ. ಎರಡು ಚೀಲಗಳ ಹೊಲಿಗೆ ಬಿಚ್ಚಿ, ದಬ್ಬಣ ಮತ್ತು ಹುರಿಯಿಂದ ಅಕ್ಕಪಕ್ಕ ಸೇರಿಸಿ ಹೊಲಿದರೆ ಸುಮಾರು ಏಳು ಅಡಿ ಅಗಲ, ಮೂರು ಅಡಿ ಎತ್ತರದ ತಟ್ಟು ಸಿದ್ಧವಾಗುತ್ತದೆ. ಮೇಲಂಚನ್ನು ಮಡಿಚಿ, ಅದರೊಳಗೆ ಬಿದಿರಿನ ಕೋಲು ತೂರಿಸಿ, ಎರಡು ಮೊಳೆಗಳಿಗೆ ತೂಗುಹಾಕಿ. ಕೆಳಗಿನ ಅಂಚು ನೆಲದಿಂದ ಒಂದೂವರೆ ಅಡಿ ಮೇಲಿದ್ದರೆ ಎಲ್ಲ ಜೇಬುಗಳೂ ಮಕ್ಕಳ ಕೈಗೆ ಎಟುಕುತ್ತವೆ.

ಜೇಬುಗಳಿಗೆ ನಗರದ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಸಾಕು. ದಪ್ಪ ಬಟ್ಟೆಯಾದ್ದರಿಂದ ವರ್ಷವಿಡೀ ಕೈಯಾಡಿಸಿದರೂ ಹರಿಯುವುದಿಲ್ಲ. ಏಳು ಅಂಗುಲ ಅಗಲ, ಎರಡು ಅಂಗುಲ ಆಳದ ಒಂಬತ್ತು ಜೇಬುಗಳ ಮೂರು ಸಾಲುಗಳನ್ನು ಹೊಲಿದು, ಬಲಬದಿಯ ಅಂಚಿನಲ್ಲಿ ಒಂದು ದೊಡ್ಡ ಜೇಬಿಗೆ ಜಾಗ ಬಿಡಿ. ಮಕ್ಕಳು ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಕಂಡ ಹೊಸ ಪದಗಳನ್ನು ಚೀಟಿಯಲ್ಲಿ ಬರೆದು ಹಾಕುವುದು ಅದರಲ್ಲಿಯೇ.

ಮಿಂಚುಪಟ್ಟಿ ಬರೆಯುವಾಗ

ಮಿಂಚುಪಟ್ಟಿ ಎಂದರೆ ಪದ ಬರೆದು ಎತ್ತಿ ತೋರಿಸುವ ಕಾರ್ಡು (ಫ್ಲ್ಯಾಶ್ ಕಾರ್ಡ್). ಅದಕ್ಕೆ ಹಳೆಯ ಮದುವೆ ಕಾರ್ಡುಗಳ ಖಾಲಿ ಮೈಯನ್ನು ಆರು ಅಂಗುಲ ಅಗಲ, ಐದು ಅಂಗುಲ ಎತ್ತರಕ್ಕೆ ಕತ್ತರಿಸಿಕೊಳ್ಳಿ. ಕೆಳಗಿನ ಎರಡು ಅಂಗುಲ ಜೇಬಿನೊಳಗೆ ಮುಚ್ಚಿಹೋಗುವುದರಿಂದ ಪದವನ್ನು ಮೇಲ್ಭಾಗದಲ್ಲಿ ಬರೆಯಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ‘ಹತ್ತಿ’ಯ ತ ಒತ್ತು ಜೇಬಿನಲ್ಲಿ ಅಡಗಿ, ಮಗು ‘ಹತಿ’ ಎಂದೇ ಓದಿಕೊಂಡೀತು.

ಹಿಂಬದಿಯನ್ನು ಶಿಕ್ಷಕರು ತುಂಬಬಾರದು. ಅಲ್ಲಿ ಚಿತ್ರ ಬಿಡಿಸುವುದು, ಸ್ವಂತ ವಾಕ್ಯ ಬರೆಯುವುದು ಮಕ್ಕಳ ಕೆಲಸ. ಮನೆಮಾತಿನ ಪದಕ್ಕೂ ಅಲ್ಲಿಯೇ ಜಾಗವಿರಲಿ. 1953ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆಯನ್ನು ವಿಂಗಡಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದ ಭಾಗ ಮೈಸೂರಿಗೆ ಬಂತು. ಗಡಿ ಎಳೆದರೂ ಮನೆಗಳ ಮಾತು ಬದಲಾಗಲಿಲ್ಲ. ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮಕ್ಕಳು ತಮ್ಮ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಪದದ ಅರ್ಥವನ್ನು ಬೇರೆಯಾಗಿ ವಿವರಿಸುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ವಾರಕ್ಕೆ ಐದಾರು ಪದಗಳಿಗಿಂತ ಹೆಚ್ಚು ಬೇಡ. ಅವು ಪಾಠದಲ್ಲಿ ಬರುವ, ಆದರೆ ಮಗು ಕಣ್ಣಾರೆ ಕಂಡ ವಸ್ತುವಿಗೆ ಸಂಬಂಧಿಸಿದ ಪದಗಳಾಗಿದ್ದರೆ ಉತ್ತಮ. ತುಂಗಭದ್ರೆಯ ನೀರು ಹರಿಯುವ ಊರಿನಲ್ಲಿ ಕಾಲುವೆ, ತೂಬು, ಹೂಳು, ಜಲಾಶಯ. ಸಂಡೂರಿನಲ್ಲಿ ಗಣಿ, ಅದಿರು, ಕಣಿವೆ.

ಮೂರು ಸಾಲುಗಳ ಆಟ

ಪದಗೋಡೆಯ ಜೀವ ಇರುವುದು ಈ ಮೂರು ಸಾಲುಗಳಲ್ಲಿ. ಜರ್ಮನಿಯ ವಿಜ್ಞಾನ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ, ನೆನಪಾದ ಪಟ್ಟಿಯನ್ನು ಮುಂದಿನ ಖಾನೆಗೆ ಸಾಗಿಸುವ ಪೆಟ್ಟಿಗೆ ವಿಧಾನವನ್ನೇ ಇಲ್ಲಿ ಗೋಡೆಗೆ ಹೊಂದಿಸಿಕೊಳ್ಳಲಾಗಿದೆ. ಹೊಸ ಪದ ಕೆಳಸಾಲಿನಲ್ಲಿ ಕೂರುತ್ತದೆ. ಕೆಳಸಾಲನ್ನು ಪ್ರತಿದಿನ, ನಡುಸಾಲನ್ನು ವಾರಕ್ಕೊಮ್ಮೆ, ಮೇಲ್ಸಾಲನ್ನು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಒಂದು ಮಗು ಮಿಂಚುಪಟ್ಟಿಯನ್ನು ಎತ್ತಿ ತೋರಿಸುತ್ತದೆ. ಇನ್ನೊಂದು ಮಗು ಆ ಪದವನ್ನು ಓದಿ, ಹಿಂಬದಿಯಲ್ಲಿಲ್ಲದ ಹೊಸ ವಾಕ್ಯವೊಂದನ್ನು ಹೇಳಿದರೆ ಪಟ್ಟಿ ಒಂದು ಸಾಲು ಮೇಲೇರುತ್ತದೆ, ಹೇಳದಿದ್ದರೆ ಯಾವ ಸಾಲಿನಲ್ಲಿದ್ದರೂ ಕೆಳಸಾಲಿಗೇ ಮರಳುತ್ತದೆ. ಮರೆಯುವ ಅಂಚಿನಲ್ಲಿರುವಾಗ ನೆನಪಿಸಿಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ, ಅದಕ್ಕಾಗಿಯೇ ಸಾಲು ಏರಿದಂತೆ ಅಂತರವೂ ಹಿಗ್ಗುತ್ತದೆ. ಇಳಿದದ್ದು ಪದವೇ ಹೊರತು ಮಗುವಲ್ಲ ಎಂಬುದನ್ನು ಶಿಕ್ಷಕರು ಮಾತಿನಲ್ಲಿಯೂ ಮುಖಭಾವದಲ್ಲಿಯೂ ಕಾಯ್ದುಕೊಳ್ಳಬೇಕು. ಇಲ್ಲವಾದರೆ ಹಿಂದಿನ ಸಾಲಿನ ಮಕ್ಕಳು ಎರಡನೆಯ ವಾರಕ್ಕೇ ಆಟದಿಂದ ಹೊರಗುಳಿಯುತ್ತಾರೆ.

ಕನ್ನಡಕ್ಕೆ ವಿಶೇಷವಾಗಿ ಬೇಕಾದ ಇನ್ನೊಂದು ಸಾಮಗ್ರಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ನಮ್ಮ ಪದಗಳು ವಾಕ್ಯದೊಳಗೆ ಪ್ರತ್ಯಯವಿಲ್ಲದೆ ಬರುವುದು ಅಪರೂಪ. ಆದ್ದರಿಂದ ಒಂದೊಂದು ಕ್ಲಿಪ್ಪಿಗೆ ‘ಗೆ’, ‘ಇಗೆ’, ‘ಕ್ಕೆ’, ‘ನಿಗೆ’, ‘ಇಂದ’, ‘ಅಲ್ಲಿ’ ಎಂದು ಬರೆದ ಚೂರನ್ನು ಅಂಟಿಸಿ, ಮಗು ತಾನೇ ಆರಿಸಿ ಪದಕ್ಕೆ ಸಿಕ್ಕಿಸಲಿ. ಕಾಲುವೆಗೆ, ಗಣಿಗೆ ಸರಿಹೋಗುತ್ತವೆ. ಹೊಲ ‘ಹೊಲಕ್ಕೆ’ ಆಗುತ್ತದೆ. ಊರು ‘ಊರಿಗೆ’ ಆಗುವಾಗ ತನ್ನ ಉಕಾರವನ್ನು ಕಳೆದುಕೊಳ್ಳುತ್ತದೆ. ಯಾರಾದರೂ ‘ರೈತಕ್ಕೆ’ ಎಂದು ಸಿಕ್ಕಿಸಿದರೆ ತರಗತಿ ನಕ್ಕೇ ನಗುತ್ತದೆ. ಆಗ ‘ರೈತನಿಗೆ’ ಏಕೆ ಎಂದು ಕೇಳಿ, ಉತ್ತರವನ್ನು ಅವರಿಂದಲೇ ಹೊರಡಿಸಿ. ವ್ಯಾಕರಣದ ಪಾಠದಲ್ಲಿ ಚತುರ್ಥಿ ವಿಭಕ್ತಿ ಬರುವ ಹೊತ್ತಿಗೆ ಈ ಮಕ್ಕಳಿಗೆ ಅದರ ನಿಯಮ ಅರ್ಧ ತಿಳಿದಿರುತ್ತದೆ. ಇದಕ್ಕೆಲ್ಲ ದಿನಕ್ಕೆ ಹತ್ತು ನಿಮಿಷ ಸಾಕಾಗುತ್ತದೆ, ಪ್ರಾರ್ಥನೆಯ ನಂತರದ ಸಮಯ ಅನುಕೂಲ.

ಮೇಲ್ಸಾಲಿನಲ್ಲಿ ಎರಡು ತಿಂಗಳು ಗೆದ್ದ ಪದವನ್ನು ಗೋಡೆಯಿಂದ ಇಳಿಸಿ, ಚಪ್ಪಲಿಯ ಖಾಲಿ ಪೆಟ್ಟಿಗೆಯೊಂದರಲ್ಲಿ ಅಕ್ಷರಕ್ರಮದಲ್ಲಿ ಜೋಡಿಸಬೇಕು. ಜೋಡಿಸುವವರೂ ಮಕ್ಕಳೇ ಆದರೆ ನಿಘಂಟಿನಲ್ಲಿ ಪದ ಹುಡುಕುವ ಅಭ್ಯಾಸ ತಾನಾಗಿಯೇ ಆಗುತ್ತದೆ. ಬೇಸಿಗೆ ರಜೆಗೆ ಮುನ್ನ ತಟ್ಟನ್ನು ಕೊಡವಿ, ಒಂದು ದಿನ ಬಿಸಿಲಿಗೆ ಹಾಕಿ, ಒಣ ಬೇವಿನ ಎಲೆಗಳನ್ನಿಟ್ಟು ಕೋಲಿಗೆ ಸುತ್ತಿ ಬೀರುವಿನೊಳಗಿಡಿ. ಸೆಣಬನ್ನು ಹೊರಗೆ ಬಿಟ್ಟರೆ ಇಲಿಗಳ ಪಾಲಾಗುತ್ತದೆ.