ಹಳೇ ಅಚ್ಚಿನ ಪುಟ, ವೆಬ್‌ಗೆ 80 ಕೆಬಿಯಲ್ಲಿ

ಗೆಳೆಯರದ್ದೆಲ್ಲ ಒಂದೇ ರಾಗ. ವೆಬ್‌ನಲ್ಲಿ ಕಾಣೋದೇ ಸಾವಿರ ಪಿಕ್ಸೆಲ್ ಅಗಲ, ಹಳೇ ಪತ್ರಿಕೆ ಸ್ಕ್ಯಾನ್ ಮಾಡೋಕೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಯಾಕೆ, 300 ಸಾಕು ಅಂತ. ಈಗ ಅವರೇ ನನ್ನ ಪುಟಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾರೆ.

ಕೈಗೆ ಸಿಕ್ಕಿದ್ದು ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೇ ಮಾಸಪತ್ರಿಕೆಗಳ ಕಟ್ಟು. ಮೊದಲು ಹೊರಗೆ ಸ್ಕ್ಯಾನ್ ಮಾಡಿಸಲು ನೋಡಿದೆ. ಪುಟಕ್ಕೆ ಮೂರು ರೂಪಾಯಿ ತಗೊಂಡು ಸೊಟ್ಟ ಪುಟಗಳನ್ನು ಕೊಟ್ಟರು. ಎರಡು ಸಾವಿರ ಹಾಗೇ ಹೋಯಿತು. ಆಮೇಲೆ ನಾಲ್ಕು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ತಂದೆ.

300ರಲ್ಲಿ ಸ್ಕ್ಯಾನ್ ಮಾಡಿ ಕಪ್ಪು-ಬಿಳುಪು ಮಾಡಿದರೆ ಒತ್ತಕ್ಷರಗಳು ಮುರಿಯುತ್ತಿದ್ದವು. ಹೊಟ್ಟೆ ಸೀಳುವ ಗೀರು ಮಾಯವಾಗಿ 'ಧನ' ಹೋಗಿ 'ದನ' ಬರುತ್ತಿತ್ತು. ಜೆಪೆಗ್ ಮಾಡಿದರೆ ಅಕ್ಷರದ ಸುತ್ತ ಕೊಳೆ, ಮೇಲಾಗಿ ಪುಟಕ್ಕೆ 300 ಕೆಬಿ.

ಈಗ ಮಾಡೋದು ಹೀಗೆ. ಪುಟದ ಹಿಂದೆ ಕಪ್ಪು ಡ್ರಾಯಿಂಗ್ ಹಾಳೆ ಇಡುತ್ತೇನೆ, ಹಿಂಬದಿಯ ಅಕ್ಷರ ಇಣುಕುವುದು ತುಂಬ ಕಮ್ಮಿಯಾಗುತ್ತದೆ. 600ರಲ್ಲಿ ಗ್ರೇಸ್ಕೇಲ್ ಸ್ಕ್ಯಾನ್, ಅಂದರೆ ಬೂದು ಛಾಯೆಗಳೂ ಉಳಿಯುವ ಹಾಗೆ. ಸ್ಕ್ಯಾನ್‌ಟೈಲರ್ ಅನ್ನೋ ತಂತ್ರಾಂಶದಲ್ಲಿ ನೇರ ಮಾಡಿ, ಅಲ್ಲೇ ಕಪ್ಪು-ಬಿಳುಪು. ಇಷ್ಟು ದೊಡ್ಡದಾಗಿದ್ದಾಗ ಗೀರಿಗೆ ಮೈ ಇರುತ್ತದೆ, ಅಳಿಸಿಹೋಗಲ್ಲ. ಆಮೇಲೆ ಇಮೇಜ್‌ಮ್ಯಾಜಿಕ್ ಅನ್ನೋ ಇನ್ನೊಂದು ತಂತ್ರಾಂಶದಲ್ಲಿ ಬಾಕ್ಸ್ ಫಿಲ್ಟರ್ (ಅಕ್ಕಪಕ್ಕದ ಚುಕ್ಕಿಗಳ ಸರಾಸರಿ) ಹಾಕಿ ಅಗಲ, ಎತ್ತರ ಎರಡನ್ನೂ ಮೂರನೇ ಒಂದಕ್ಕೆ ಇಳಿಸುತ್ತೇನೆ. ಒಂಬತ್ತು ಚುಕ್ಕಿ ಸೇರಿ ಒಂದಾಗುತ್ತದೆ. ಆ ಒಂಬತ್ತರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಷ್ಟಾದರೂ ಕಪ್ಪಿರಬಹುದು, ಅಂದರೆ ಹತ್ತೇ ಛಾಯೆ ಅಲ್ವಾ? 16 ಛಾಯೆಯ ಪಿಎನ್‌ಜಿ ಧಾರಾಳ ಸಾಕು. ಐದು ಇಂಚಿನ ಪುಟ ಸರಿಯಾಗಿ ಸಾವಿರ ಪಿಕ್ಸೆಲ್, ತೂಕ 70-80 ಕೆಬಿ. ಅಂಚು ನುಣ್ಣಗೆ, ಕಾಗದ ಬೆಳ್ಳಗೆ.

ಮಸಿ ಸರಿಯಾಗಿ ಹತ್ತದ ಪುಟಗಳಿಗೆ ಇಳಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ.

ನಡುವೆ ಸುಮ್ನೆ ಪಿಡಿಎಫ್‌ನಲ್ಲಿ ಲಾಸಿ ಜೆಬಿಗ್2 (ಸ್ವಲ್ಪ ವಿವರ ಬಿಟ್ಟು ಕಪ್ಪು-ಬಿಳುಪು ಚಿತ್ರ ಕುಗ್ಗಿಸುವ ವಿಧಾನ) ಹಾಕಿ ನೋಡಿದೆ. ಗಾತ್ರ ಭಾರೀ ಇಳಿಯಿತು. ಆದರೆ ಅದು ಒಂದೇ ಥರ ಕಾಣುವ ಅಕ್ಷರಗಳಿಗೆಲ್ಲ ಒಂದೇ ಚಿತ್ರ ಕೂರಿಸುತ್ತದೆ. 2013ರಲ್ಲಿ ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು 6 ಇದ್ದಲ್ಲಿ 8 ಮಾಡಿ ಸುದ್ದಿಯಾಗಿದ್ದು ಇದರಿಂದಲೇ. ಪ-ಷ, ಬ-ಭ ಇರುವ ನಮಗೆ ಅದರ ಸಹವಾಸ ಬೇಡ. ಪಿಎನ್‌ಜಿ ಬದಲು ವೆಬ್‌ಪಿ ಲಾಸ್‌ಲೆಸ್ (ಏನೂ ಕಳೆಯದೆ ಕುಗ್ಗಿಸುವ ಚಿತ್ರ ನಮೂನೆ) ಚೆನ್ನಾಗಿದೆ, ಇನ್ನೂ ಹತ್ತಿಪ್ಪತ್ತು ಕೆಬಿ ಉಳಿಯಿತು. ಆದರೂ ಮೂಲ 600 ಡಿಪಿಐ ಫೈಲುಗಳನ್ನು ಅಳಿಸಿಲ್ಲ. ಅದಕ್ಕೆ ಬೇರೆ ಹಾರ್ಡ್ ಡಿಸ್ಕ್ ಬೇಕಾಯಿತು, ಇನ್ನೊಂದು ನಾಲ್ಕು ಸಾವಿರ.

ಫೋಟೋ ಬ್ಲಾಕ್ (ಚುಕ್ಕಿಗಳಲ್ಲಿ ಅಚ್ಚಾದ ಫೋಟೋ) ಇರುವ ಪುಟಗಳಿಗೆ ಇದು ಒಗ್ಗಲ್ಲ, ಚುಕ್ಕಿಗಳೆಲ್ಲ ಅಲೆಅಲೆಯಾಗಿ ಕಾಣುತ್ತವೆ. ಅವನ್ನು ಸ್ವಲ್ಪ ಮಸುಕು ಮಾಡಿ ಇಳಿಸಿ, ಜೆಪೆಗ್‌ನಲ್ಲೇ ಬಿಟ್ಟಿದ್ದೇನೆ.